ಡೀಸೆಲ್ ಕಾರಿನ ಬೆಲ್ಟಿನ ಕಂಪನ: ನಿದಾನ ಮತ್ತು ಪರಿಹಾರ

ಪೀಠಿಕೆ

ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗಿಂತ ಮೊದಲಿನದು ನಿದಾನ. ಜ್ವರವೆಂಬುದು ಲಕ್ಷಣ, ಅದರ ಹಿಂದಿರುವ ರೋಗ ಬೇರೆ. ಲಕ್ಷಣವನ್ನೇ ರೋಗವೆಂದು ಬಗೆದು ಔಷಧ ಕೊಟ್ಟರೆ ಜ್ವರವು ಇಳಿದಂತೆ ತೋರಿ ಮರಳಿ ಬರುತ್ತದೆ. ಯಂತ್ರಗಳ ವಿಷಯದಲ್ಲಿಯೂ ಈ ಮಾತು ಸತ್ಯವೇ ಆಗಿದೆ. ಡೀಸೆಲ್ ಕಾರಿನ ಎಂಜಿನ್ನಿನ ಮುಂಭಾಗದಲ್ಲಿ ಸುತ್ತುವ ಬೆಲ್ಟು ನಡುಗುವುದು, ಪಟಪಟನೆ ಬಡಿಯುವುದು, ಕೀರಲು ದನಿ ಹೊರಡಿಸುವುದು ಇಂತಹದೊಂದು ಲಕ್ಷಣ. ಕಣ್ಣಿಗೆ ಕಾಣುವುದು ಬೆಲ್ಟು. ಆದುದರಿಂದ ಬದಲಾಯಿಸುವುದೂ ಬೆಲ್ಟನ್ನೇ. ಹೊಸ ಬೆಲ್ಟು ಹಾಕಿದ ಮೇಲೆ ಕೆಲವು ದಿನ ಸದ್ದು ಅಡಗಿರುತ್ತದೆ. ಅನಂತರ ಅದೇ ನಡುಕ, ಅದೇ ಬಡಿತ. ಮಾಲೀಕನಿಗೆ ಖರ್ಚು, ಮೆಕ್ಯಾನಿಕನಿಗೆ ಅಪಕೀರ್ತಿ. ರೋಗ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಈ ಕಂಪನ ಎಲ್ಲಿ ಹುಟ್ಟುತ್ತದೆ, ಅದರ ಮೂಲವನ್ನು ಕ್ರಮವಾಗಿ ಪತ್ತೆಹಚ್ಚುವ ಬಗೆ ಹೇಗೆ, ದುರಸ್ತಿಯಲ್ಲಿ ವಹಿಸಬೇಕಾದ ಎಚ್ಚರಿಕೆಗಳು ಯಾವುವು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಾಲ್ಕು ಸಿಲಿಂಡರುಗಳುಳ್ಳ, ಒಂದೇ ಉದ್ದನೆಯ ಬೆಲ್ಟಿನಿಂದ ಉಪಾಂಗಗಳನ್ನೆಲ್ಲ ನಡೆಸುವ ಸಾಮಾನ್ಯ ಡೀಸೆಲ್ ಕಾರಿನ ಎಂಜಿನ್ನನ್ನು ಇಲ್ಲಿ ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ.

ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದುದು ೧೮೯೭ರಲ್ಲಿ. ಅದು ಕಾರಿನೊಳಗೆ ನೆಲೆಗೊಳ್ಳಲು ಸುಮಾರು ನಾಲ್ಕು ದಶಕಗಳೇ ಬೇಕಾದವು. ೧೯೩೬ರಲ್ಲಿ ಮರ್ಸಿಡಿಸ್-ಬೆಂಜ್ ಸಂಸ್ಥೆಯ ೨೬೦ ಡಿ ಎಂಬ ಕಾರು ಹೊರಬಂದಿತು. ಕರ್ನಾಟಕಕ್ಕೂ ಈ ಎಂಜಿನ್ನಿಗೂ ಹಳೆಯ ನಂಟಿದೆ. ಬೆಂಗಳೂರಿನ ಮೈಕೊ ಕಾರ್ಖಾನೆಯು ೧೯೫೦ರ ದಶಕದಲ್ಲಿಯೇ ಡೀಸೆಲ್ ಎಂಜಿನ್ನಿನ ಇಂಧನ ಪಂಪುಗಳನ್ನು ತಯಾರಿಸತೊಡಗಿತು. ೨೦೦೦ದಲ್ಲಿ ಬಿಡದಿಯ ಕಾರ್ಖಾನೆಯಿಂದ ಡೀಸೆಲ್ ಕ್ವಾಲಿಸ್ ಕಾರುಗಳು ರಸ್ತೆಗಿಳಿದವು. ೨೦೨೦ರ ಏಪ್ರಿಲ್ ೧ರಿಂದ ಬಿ.ಎಸ್. ೬ ಹೊಗೆ ನಿಯಮ ಜಾರಿಗೆ ಬಂದಾಗ ಹಲವು ಸಂಸ್ಥೆಗಳು ಚಿಕ್ಕ ಡೀಸೆಲ್ ಕಾರುಗಳನ್ನು ಕೈಬಿಟ್ಟವು. ಹೀಗಾಗಿ ಅದಕ್ಕೆ ಮೊದಲು ಕೊಂಡ ಚಿಕ್ಕ ಡೀಸೆಲ್ ಕಾರುಗಳು ವರ್ಷದಿಂದ ವರ್ಷಕ್ಕೆ ಹಳೆಯವಾಗುತ್ತಿವೆ. ಹಳೆಯದಾದಂತೆ ರಬ್ಬರಿನ ಅಂಗಗಳು ಸೋಲುತ್ತವೆ. ಬೆಲ್ಟಿನ ಕಂಪನವು ಬಹುಮಟ್ಟಿಗೆ ಸೋತ ರಬ್ಬರಿನ, ಸವೆದ ಬೇರಿಂಗಿನ ವ್ಯಾಧಿ.

ಬೆಲ್ಟಿನ ಕಾರ್ಯ

ಎಂಜಿನ್ನಿನ ಮುಖ್ಯ ಅಕ್ಷವಾದ ಕ್ರ್ಯಾಂಕ್ ಷಾಫ್ಟಿನ ತುದಿಯಲ್ಲಿರುವ ಪುಲ್ಲಿಯಿಂದ ಈ ಬೆಲ್ಟು ಹೊರಟು ಆಲ್ಟರ್ನೇಟರ್, ಹವಾನಿಯಂತ್ರಣದ ಕಂಪ್ರೆಸರ್ ಮುಂತಾದವನ್ನು ತಿರುಗಿಸುತ್ತದೆ. ಹಲವು ಎಂಜಿನ್ನುಗಳಲ್ಲಿ ನೀರಿನ ಪಂಪು ಮತ್ತು ಸ್ಟಿಯರಿಂಗ್ ಪಂಪುಗಳೂ ಇದರ ಪಾಲಿಗೇ ಬರುತ್ತವೆ. ಹಿಂದೆ ಒಂದೊಂದು ಉಪಾಂಗಕ್ಕೂ ಬೇರೆ ಬೇರೆ ಬೆಲ್ಟುಗಳಿದ್ದವು. ೧೯೭೦ರ ದಶಕದ ಕೊನೆಯಿಂದ, ಉದ್ದುದ್ದನೆಯ ಹಲವು ಏಣುಗಳುಳ್ಳ ಒಂದೇ ಚಪ್ಪಟೆ ಬೆಲ್ಟು ಬಳಕೆಗೆ ಬಂದಿತು. ಅದರ ಬೆನ್ನಿನ ಮೇಲೆ ‘೬ ಪಿ.ಕೆ. ೧೨೦೦’ ಎಂಬಂತಹ ಗುರುತು ಇರುತ್ತದೆ: ಆರು ಏಣುಗಳು, ಪಿ.ಕೆ. ಎಂಬ ಆಕಾರ, ೧೨೦೦ ಮಿಲಿಮೀಟರ್ ಉದ್ದ ಎಂದು ಅದರ ಅರ್ಥ. ಇಂದಿನ ಬಹುತೇಕ ಚಿಕ್ಕ ಕಾರುಗಳಲ್ಲಿ ರೇಡಿಯೇಟರಿನ ಫ್ಯಾನಿಗೆ ಪ್ರತ್ಯೇಕ ವಿದ್ಯುತ್ ಮೋಟಾರಿದ್ದರೂ ಜನರ ಬಾಯಲ್ಲಿ ಇದು ‘ಫ್ಯಾನ್ ಬೆಲ್ಟ್’ ಆಗಿಯೇ ಉಳಿದಿದೆ.

ಈ ಬೆಲ್ಟು ತುಂಡಾದರೆ ಬ್ಯಾಟರಿಗೆ ವಿದ್ಯುತ್ತು ಸಲ್ಲುವುದು ನಿಲ್ಲುತ್ತದೆ. ನೀರಿನ ಪಂಪು ಇದರ ಮೇಲಿದ್ದರೆ ಎಂಜಿನ್ನು ಕೆಲವೇ ನಿಮಿಷಗಳಲ್ಲಿ ಕಾಯುತ್ತದೆ. ಸ್ಟಿಯರಿಂಗ್ ಪಂಪು ಇದ್ದರೆ ಚಕ್ರ ತಿರುಗಿಸುವುದು ಭಾರವಾಗುತ್ತದೆ. ಇನ್ನೊಂದು ಅಪಾಯ ಡೀಸೆಲ್ ಎಂಜಿನ್ನಿಗೆ ವಿಶೇಷವಾದುದು. ಪೆಟ್ರೋಲ್ ಎಂಜಿನ್ನಿನಲ್ಲಿ ದೊರೆಯುವ ನಿರ್ವಾತವು ಡೀಸೆಲ್ ಎಂಜಿನ್ನಿನ ಗಾಳಿಯ ಕೊಳವೆಯಲ್ಲಿ ಸಾಕಷ್ಟು ದೊರೆಯದಾದುದರಿಂದ ಬ್ರೇಕಿಗೆ ನೆರವಾಗಲು ಬೇರೊಂದು ನಿರ್ವಾತ ಪಂಪು ಬೇಕು. ಕೆಲವು ಎಂಜಿನ್ನುಗಳಲ್ಲಿ ಅದನ್ನು ಆಲ್ಟರ್ನೇಟರಿನ ಹಿಂಬದಿಗೇ ಜೋಡಿಸಿರುತ್ತಾರೆ. ಅಂತಹ ಕಾರಿನ ಬೆಲ್ಟು ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ಕಡಿದುಹೋದರೆ, ಬ್ರೇಕನ್ನು ನಾಲ್ಕಾರು ಸಲ ಒತ್ತುವಷ್ಟರಲ್ಲಿ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಕಡಿದ ಬೆಲ್ಟಿನ ಎಳೆಗಳು ಕ್ರ್ಯಾಂಕ್ ಪುಲ್ಲಿಯ ಹಿಂದಿನ ಸಂದಿಯಿಂದ ಟೈಮಿಂಗ್ ಬೆಲ್ಟಿನೊಳಕ್ಕೆ ಸೇರಿಕೊಂಡು, ವಾಲ್ವುಗಳು ಪಿಸ್ಟನ್‌ಗಳಿಗೆ ಬಡಿದು ಎಂಜಿನ್ನೇ ಹಾಳಾಗುವುದೂ ಉಂಟು. ಆದುದರಿಂದ ಬೆಲ್ಟಿನ ನಡುಕವನ್ನು ಕೇವಲ ಕಿವಿಯ ಕಿರಿಕಿರಿಯೆಂದು ಎಣಿಸಲಾಗದು.

ಕಂಪನದ ಮೂಲ

ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಸುಮಾರು ೧೬ರಿಂದ ೨೨ ಪಟ್ಟು ಅದುಮಿ, ಆ ಕಾವಿನಿಂದಲೇ ಇಂಧನವನ್ನು ಹೊತ್ತಿಸಲಾಗುತ್ತದೆ. ಆದುದರಿಂದ ಪ್ರತಿಯೊಂದು ದಹನವೂ ಕ್ರ್ಯಾಂಕ್ ಷಾಫ್ಟಿಗೆ ಕೊಡುವ ಪೆಟ್ಟು ಪೆಟ್ರೋಲ್ ಎಂಜಿನ್ನಿನದಕ್ಕಿಂತ ಬಲವಾದುದು. ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಎರಡು ದಹನಗಳು ಸಂಭವಿಸುತ್ತವೆ. ನಿಂತಲ್ಲಿಯೇ ನಿಮಿಷಕ್ಕೆ ೮೦೦ ಸುತ್ತುಗಳಂತೆ ಎಂಜಿನ್ನು ನಡೆಯುತ್ತಿದೆಯೆಂದರೆ ನಿಮಿಷಕ್ಕೆ ೧೬೦೦, ಅಂದರೆ ಸೆಕೆಂಡಿಗೆ ಸುಮಾರು ೨೭ ಪೆಟ್ಟುಗಳು. ಪೆಟ್ಟು ಬಿದ್ದಾಗ ಷಾಫ್ಟು ಮುನ್ನುಗ್ಗುತ್ತದೆ. ಮುಂದಿನ ಸಿಲಿಂಡರು ಗಾಳಿಯನ್ನು ಅದುಮುವಾಗ ಹಿಂಜರಿಯುತ್ತದೆ. ನೋಡುವವರಿಗೆ ಒಂದೇ ಸಮನೆ ತಿರುಗುವಂತೆ ತೋರುವ ಪುಲ್ಲಿಯು ವಾಸ್ತವವಾಗಿ ನುಗ್ಗಿ ತಗ್ಗಿ ನುಗ್ಗಿ ತಗ್ಗಿ ಸಾಗುತ್ತಿರುತ್ತದೆ.

ಬೆಲ್ಟಿನ ಇನ್ನೊಂದು ತುದಿಯಲ್ಲಿ ಆಲ್ಟರ್ನೇಟರ್ ಇದೆ. ಕ್ರ್ಯಾಂಕ್ ಪುಲ್ಲಿಯ ವ್ಯಾಸ ೧೫೦ ಮಿ.ಮೀ., ಆಲ್ಟರ್ನೇಟರಿನ ಪುಲ್ಲಿಯ ವ್ಯಾಸ ೫೫ ಮಿ.ಮೀ. ಎಂದು ಭಾವಿಸಿದರೆ, ಎರಡನೆಯದು ಮೊದಲನೆಯದಕ್ಕಿಂತ ೨.೭ ಪಟ್ಟು ವೇಗವಾಗಿ ತಿರುಗುತ್ತದೆ. ಅದರೊಳಗಿನ ತಾಮ್ರ ಮತ್ತು ಕಬ್ಬಿಣದ ಭಾರವಾದ ರೋಟರು ತನ್ನ ಜಡತ್ವದಿಂದ ಒಂದೇ ವೇಗದಲ್ಲಿ ತಿರುಗಲು ಹವಣಿಸುತ್ತದೆ. ಈ ಜಡತ್ವವು ಕ್ರ್ಯಾಂಕ್ ಷಾಫ್ಟಿಗೆ ವೇಗದ ಅನುಪಾತದ ವರ್ಗದಷ್ಟು, ಎಂದರೆ ೭ ಪಟ್ಟಿಗಿಂತಲೂ ಹೆಚ್ಚಾಗಿ, ತೋರುತ್ತದೆ. ಷಾಫ್ಟು ಹಿಂಜರಿದಾಗ ರೋಟರು ಹಿಂಜರಿಯದೆ ಬೆಲ್ಟನ್ನು ತಾನೇ ಎಳೆಯುತ್ತದೆ. ಬಿಗಿಯಾಗಿದ್ದ ಬದಿ ಸಡಿಲವಾಗಿ ಸಡಿಲವಾಗಿದ್ದ ಬದಿ ಬಿಗಿಯಾಗುತ್ತದೆ. ಮರುಕ್ಷಣ ಷಾಫ್ಟು ಮುನ್ನುಗ್ಗಿ ಇದನ್ನು ಅದಲುಬದಲು ಮಾಡುತ್ತದೆ. ಸೆಕೆಂಡಿಗೆ ೨೭ ಸಲ ನಡೆಯುವ ಈ ಜಗ್ಗಾಟದ ನಡುವೆ ಸಿಕ್ಕಿದ ವಸ್ತುವೇ ಬೆಲ್ಟು.

ಜಗ್ಗಾಟವನ್ನು ತಣಿಸುವ ಮೂರು ಅಂಗಗಳು

ಎಂಜಿನ್ನನ್ನು ರಚಿಸಿದವರು ಈ ಜಗ್ಗಾಟವನ್ನು ಅರಿತೇ ಮೂರು ಕಡೆ ಅದಕ್ಕೆ ತಡೆ ಒಡ್ಡಿದ್ದಾರೆ.

ಮೊದಲನೆಯದು ಕ್ರ್ಯಾಂಕ್ ಪುಲ್ಲಿ. ಇದು ಒಂದೇ ಲೋಹದ ತುಂಡಲ್ಲ. ನಡುವಿನ ಗುಂಬಕ್ಕೂ ಹೊರಗಿನ ಬಳೆಗೂ ಮಧ್ಯೆ ರಬ್ಬರಿನ ಪದರವೊಂದು ಬೆಸೆದುಕೊಂಡಿರುತ್ತದೆ. ಷಾಫ್ಟಿನ ತಿರುಚು ಕಂಪನವನ್ನು ಈ ರಬ್ಬರು ಹೀರಿಕೊಳ್ಳುತ್ತದೆ.

ಎರಡನೆಯದು ಆಲ್ಟರ್ನೇಟರಿನ ಏಕಮುಖ ಪುಲ್ಲಿ. ಸೈಕಲ್ಲಿನ ಫ್ರೀವೀಲನ್ನು ಬಲ್ಲವರಿಗೆ ಇದರ ಮರ್ಮ ಸುಲಭ. ಪೆಡಲು ತುಳಿದಾಗ ಚಕ್ರ ತಿರುಗುತ್ತದೆ. ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ತನ್ನಷ್ಟಕ್ಕೆ ಓಡುತ್ತದೆ. ಹಾಗೆಯೇ ಬೆಲ್ಟು ಮುನ್ನುಗ್ಗಿದಾಗ ಈ ಪುಲ್ಲಿಯು ರೋಟರನ್ನು ತಿರುಗಿಸುತ್ತದೆ. ಬೆಲ್ಟು ಹಿಂಜರಿದಾಗ ರೋಟರನ್ನು ಅದರ ಪಾಡಿಗೆ ಓಡಲು ಬಿಡುತ್ತದೆ. ಕೆಲವು ಪುಲ್ಲಿಗಳಲ್ಲಿ ಇದರೊಡನೆ ಸ್ಪ್ರಿಂಗೂ ಇರುತ್ತದೆ.

ಮೂರನೆಯದು ಟೆನ್ಷನರ್, ಅಂದರೆ ಬೆಲ್ಟನ್ನು ಬಿಗಿಹಿಡಿಯುವ ತೋಳು. ಅದರ ಸ್ಪ್ರಿಂಗು ಬಿಗಿತವನ್ನು ಕಾಯುತ್ತದೆ. ಒಳಗಿನ ಘರ್ಷಣೆಯ ಬಿಲ್ಲೆ ತೋಳಿನ ಕುಣಿತವನ್ನು ತಡೆಯುತ್ತದೆ.

ಈ ಮೂರರಲ್ಲಿ ಒಂದು ಸೋತರೆ ಉಳಿದೆರಡರ ಮೇಲೆ ಹೊರೆ ಬೀಳುತ್ತದೆ. ಏಕಮುಖ ಪುಲ್ಲಿ ಬಿಗಿದುಕೊಂಡರೆ ಟೆನ್ಷನರಿನ ತೋಳು ಸದಾ ಕುಣಿಯುತ್ತ ಬೇಗ ಸವೆಯುತ್ತದೆ. ಆಗ ಹೊಸ ಟೆನ್ಷನರ್ ಹಾಕಿದರೆ ಅದೂ ಕೆಲವು ಕಾಲದಲ್ಲಿ ಅದೇ ಗತಿಯನ್ನು ಕಾಣುತ್ತದೆ.

ಬಿಗಿ ಮಾಡಿದರೆ ಸಾಲದೇಕೆ?

ಬೆಲ್ಟು ಬಡಿಯುವಾಗ ಅದನ್ನು ಇನ್ನಷ್ಟು ಬಿಗಿ ಮಾಡುವುದು, ಅಥವಾ ತುಸು ಗಿಡ್ಡನೆಯ ಬೆಲ್ಟು ಹಾಕುವುದು ರೂಢಿಯಲ್ಲಿದೆ. ಇದರಿಂದ ಏನಾಗುತ್ತದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಎರಡು ಪುಲ್ಲಿಗಳ ನಡುವೆ ಎಳೆದ ಬೆಲ್ಟು ಏಕತಾರಿಯ ತಂತಿಯಂತೆ. ಅದಕ್ಕೆ ತನ್ನದೇ ಆದ ಸ್ವಾಭಾವಿಕ ಕಂಪನವಿದೆ. ಬೆಲ್ಟಿನ ಒಂದು ಭಾಗದ ಉದ್ದ ೪೦ ಸೆಂ.ಮೀ., ತೂಕ ಮೀಟರಿಗೆ ೧೨೦ ಗ್ರಾಂ, ಬಿಗಿತ ೨೦೦ ನ್ಯೂಟನ್ ಎಂದಿಟ್ಟುಕೊಂಡರೆ, ತಂತಿಯ ಸೂತ್ರದ ಪ್ರಕಾರ ಅದು ಸೆಕೆಂಡಿಗೆ ಸುಮಾರು ೫೧ ಸಲ ಕಂಪಿಸುತ್ತದೆ. ನಿಮಿಷಕ್ಕೆ ಸುಮಾರು ೧೫೩೦ ಸುತ್ತುಗಳ ವೇಗದಲ್ಲಿ ಎಂಜಿನ್ನಿನ ಪೆಟ್ಟುಗಳ ಸಂಖ್ಯೆಯೂ ಇಷ್ಟೇ. ಎರಡೂ ಕೂಡಿದಾಗ ಅನುರಣನೆ ಉಂಟಾಗಿ ಬೆಲ್ಟು ವಿಪರೀತವಾಗಿ ಬಡಿಯುತ್ತದೆ. ಆ ವೇಗವನ್ನು ದಾಟಿದೊಡನೆ ಶಾಂತವಾಗುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ನಡುಕ ಕಾಣುವುದರ ಕಾರಣ ಇದೇ.

ಈಗ ಬಿಗಿತವನ್ನು ಇಮ್ಮಡಿ ಮಾಡಿದರೆ ಬೆಲ್ಟಿನ ಕಂಪನವು ೧.೪ ಪಟ್ಟಾಗಿ ಸೆಕೆಂಡಿಗೆ ೭೨ಕ್ಕೆ ಏರುತ್ತದೆ. ೧೫೩೦ ಸುತ್ತುಗಳಲ್ಲಿ ಕಾಣುತ್ತಿದ್ದ ನಡುಕ ಮಾಯವಾಗಿ ೨೧೬೦ ಸುತ್ತುಗಳಲ್ಲಿ ಕಾಣಿಸಿಕೊಳ್ಳುತ್ತದೆ. ದೋಷ ಹೋಗಲಿಲ್ಲ, ಮನೆ ಬದಲಾಯಿಸಿತು. ಮೇಲಾಗಿ ಇಮ್ಮಡಿ ಬಿಗಿತವನ್ನು ನೀರಿನ ಪಂಪು ಮತ್ತು ಆಲ್ಟರ್ನೇಟರುಗಳ ಬೇರಿಂಗುಗಳು ಹಗಲಿರುಳು ಹೊರಬೇಕಾಗುತ್ತದೆ.

ಪರೀಕ್ಷೆಯ ಕ್ರಮ

ಪರೀಕ್ಷೆಯಲ್ಲಿ ಎರಡು ನಿಯಮಗಳನ್ನು ಮರೆಯಬಾರದು. ಸುಲಭವಾದುದು ಮೊದಲು, ಬಿಚ್ಚಬೇಕಾದುದು ಆಮೇಲೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಎಂಜಿನ್ನು ನಡೆಯುತ್ತಿರುವಾಗ ಸಡಿಲವಾದ ಬಟ್ಟೆ, ತೋಳು, ಉಪಕರಣಗಳು ಬೆಲ್ಟಿನ ಹತ್ತಿರಕ್ಕೂ ಸುಳಿಯಕೂಡದು.

೧. ಎಂಜಿನ್ನು ನಿಲ್ಲಿಸಿ, ಕೀಲಿ ತೆಗೆದು, ಬೆಲ್ಟನ್ನು ದೀಪದ ಬೆಳಕಿನಲ್ಲಿ ನೋಡಬೇಕು. ಅಂಚಿನಲ್ಲಿ ನೂಲು ಎದ್ದಿದ್ದರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ಎಣ್ಣೆ ತಗುಲಿದ್ದರೆ ಸೋರಿಕೆಯ ಮೂಲವನ್ನು ಮೊದಲು ಹುಡುಕಬೇಕು. ಹಳೆಯ ಬಗೆಯ ರಬ್ಬರಿನ ಬೆಲ್ಟು ಸೋತಾಗ ಬಿರುಕು ಬಿಡುತ್ತಿತ್ತು, ಈಗಿನ ಇ.ಪಿ.ಡಿ.ಎಂ. ಎಂಬ ಬಗೆಯ ಬೆಲ್ಟು ಬಿರುಕು ಬಿಡದೆಯೇ ಟೈರಿನಂತೆ ಸವೆಯುತ್ತದೆ. ಆದುದರಿಂದ ಬಿರುಕಿಲ್ಲವೆಂದ ಮಾತ್ರಕ್ಕೆ ಬೆಲ್ಟು ಚೆನ್ನಾಗಿದೆಯೆಂದು ಹೇಳುವಂತಿಲ್ಲ.

೨. ಎಂಜಿನ್ನು ನಿಧಾನವಾಗಿ ನಡೆಯುತ್ತಿರುವಾಗ ದೂರ ನಿಂತು ಟೆನ್ಷನರಿನ ತೋಳನ್ನು ಗಮನಿಸಬೇಕು. ಅದು ಸಣ್ಣಗೆ ಅದುರುವುದು ಸಹಜ; ಕಣ್ಣಿಗೆ ರಾಚುವಂತೆ ಕುಣಿಯುವುದು ಅಸಹಜ. ದೀಪಗಳನ್ನು ಹೊತ್ತಿಸಿದಾಗ, ಹವಾನಿಯಂತ್ರಣ ಹಾಕಿದಾಗ, ಸ್ಟಿಯರಿಂಗ್ ತಿರುಗಿಸಿದಾಗ ಕುಣಿತ ಯಾವುದರಿಂದ ಹೆಚ್ಚುತ್ತದೆಂದು ಬರೆದಿಟ್ಟುಕೊಳ್ಳಬೇಕು. ಹವಾನಿಯಂತ್ರಣ ಹಾಕಿದಾಗ ಮಾತ್ರ ನಡುಕ ಬಂದರೆ ಮೊದಲ ಸಂಶಯ ಕಂಪ್ರೆಸರಿನ ಮೇಲೆ.

೩. ಕೀರಲು ದನಿಯಿದ್ದರೆ ಬೆಲ್ಟಿನ ಏಣುಗಳ ಮೇಲೆ ದೂರದಿಂದ ಸ್ವಲ್ಪ ನೀರು ಸಿಂಪಡಿಸಬೇಕು. ದನಿ ಅಡಗಿ ಸ್ವಲ್ಪ ಹೊತ್ತಿನಲ್ಲಿ ಮರಳಿದರೆ ಪುಲ್ಲಿಗಳ ನೇರ ತಪ್ಪಿದೆಯೆಂದೂ, ದನಿ ಇನ್ನೂ ಜೋರಾದರೆ ಬಿಗಿತ ಸಾಲದೆ ಬೆಲ್ಟು ಜಾರುತ್ತಿದೆಯೆಂದೂ ಬಗೆಯಬಹುದು. ೩೦೦ ಮಿ.ಮೀ. ಅಂತರದಲ್ಲಿ ಕೇವಲ ೧.೫ ಮಿ.ಮೀ. ಸರಿದರೂ ನೇರವು ಸುಮಾರು ಮೂರನೆಯ ಒಂದು ಡಿಗ್ರಿಯಷ್ಟು ತಪ್ಪುತ್ತದೆ. ದನಿ ಹುಟ್ಟಲು ಅಷ್ಟೇ ಸಾಕಾಗಬಹುದು.

೪. ಎಂಜಿನ್ನನ್ನು ೨೦೦೦ ಸುತ್ತುಗಳ ಮೇಲಕ್ಕೆ ಏರಿಸಿ ಒಮ್ಮೆಲೆ ನಿಲ್ಲಿಸಬೇಕು. ಬೆಲ್ಟು ನಿಂತ ಮೇಲೂ ಆಲ್ಟರ್ನೇಟರಿನ ರೋಟರು ಒಂದೆರಡು ಕ್ಷಣ ಗುಯ್ಯೆನ್ನುತ್ತ ತಿರುಗಿದರೆ ಏಕಮುಖ ಪುಲ್ಲಿ ಜೀವಂತವಾಗಿದೆ. ಬೆಲ್ಟಿನೊಡನೆಯೇ ತಟಕ್ಕನೆ ನಿಂತರೆ ಅದು ಬಿಗಿದುಕೊಂಡಿರುವ ಸಂಭವವಿದೆ.

೫. ಬೆಲ್ಟನ್ನು ಬಿಚ್ಚುವ ಮೊದಲು ಅದು ಹಾಯುವ ದಾರಿಯ ಚಿತ್ರ ಬರೆದುಕೊಳ್ಳಬೇಕು. ಬಿಚ್ಚಿದ ಮೇಲೆ ಒಂದೊಂದು ಪುಲ್ಲಿಯನ್ನೂ ಕೈಯಿಂದ ತಿರುಗಿಸಬೇಕು. ಒರಟುತನವಾಗಲಿ ಓಲಾಟವಾಗಲಿ ಇದ್ದರೆ ಬೇರಿಂಗು ಸೋತಿದೆ. ಆಲ್ಟರ್ನೇಟರಿನ ರೋಟರನ್ನು ಹಿಡಿದು ಪುಲ್ಲಿಯನ್ನು ತಿರುಗಿಸಿದರೆ ಒಂದು ದಿಕ್ಕಿಗೆ ಸಲೀಸಾಗಿ ತಿರುಗಬೇಕು, ಇನ್ನೊಂದು ದಿಕ್ಕಿಗೆ ಹಿಡಿಯಬೇಕು. ಎರಡೂ ಕಡೆ ಹಿಡಿದರೂ, ಎರಡೂ ಕಡೆ ಜಾರಿದರೂ ಅದು ಕೆಟ್ಟಿದೆ. ಟೆನ್ಷನರಿನ ತೋಳನ್ನು ಸ್ಪ್ಯಾನರಿನಿಂದ ಕೊನೆಯವರೆಗೆ ತಿರುಗಿಸಿ ಬಿಟ್ಟರೆ ಅದು ಎಲ್ಲಿಯೂ ಸಿಕ್ಕಿಕೊಳ್ಳದೆ ನಯವಾಗಿ ಮರಳಬೇಕು.

೬. ತಣ್ಣಗಿರುವ ಎಂಜಿನ್ನನ್ನು ಬೆಲ್ಟಿಲ್ಲದೆ ಅರ್ಧ ನಿಮಿಷ ಮಾತ್ರ ನಡೆಸಿ ನೋಡಬಹುದು. ನಡುಕ ಹಾಗೆಯೇ ಉಳಿದರೆ ಬೆಲ್ಟಿನ ಅಂಗಗಳು ನಿರಪರಾಧಿಗಳು. ದೋಷ ಎಂಜಿನ್ನಿನೊಳಗೆ ಅಥವಾ ಅದರ ರಬ್ಬರ್ ಆಧಾರಗಳಲ್ಲಿದೆ.

೭. ಕ್ರ್ಯಾಂಕ್ ಪುಲ್ಲಿಯ ರಬ್ಬರು ಉಬ್ಬಿದೆಯೇ, ಬಿರಿದಿದೆಯೇ, ತಿರುಗುವಾಗ ಹೊರಬಳೆ ಓಲಾಡುತ್ತದೆಯೇ ನೋಡಬೇಕು. ಅನಂತರ ಪುಲ್ಲಿಯ ಮುಖವನ್ನು ಒರೆಸಿ, ನಡುವಿನ ಗುಂಬದಿಂದ ಹೊರಬಳೆಯವರೆಗೆ ನೇರವಾಗಿ ಒಂದು ಗೆರೆ ಎಳೆಯಬೇಕು. ಬಣ್ಣವಾದರೆ ಒಳ್ಳೆಯದು; ಸೀಮೆಸುಣ್ಣವಾದರೂ ತತ್ಕಾಲಕ್ಕೆ ಸಾಕು. ಬೆಲ್ಟು ಹಾಕಿ ಎಂಜಿನ್ನನ್ನು ನಡೆಸಿ, ಉಪಾಂಗಗಳ ಹೊರೆ ಏರಿಸಿ ಇಳಿಸಿ, ನಿಲ್ಲಿಸಿ ನೋಡಿದಾಗ ಗೆರೆಯು ರಬ್ಬರಿನ ಬಳಿ ಮುರಿದು ಎರಡು ತುಂಡಾಗಿ ಕಂಡರೆ, ಬೆಸುಗೆ ಬಿಟ್ಟ ಹೊರಬಳೆ ಜಾರುತ್ತಿದೆಯೆಂಬುದು ನಿಶ್ಚಿತ. ದುಬಾರಿ ಉಪಕರಣವಿಲ್ಲದೆ ಇಷ್ಟು ಖಚಿತವಾದ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ.

೮. ಇವೆಲ್ಲ ಸರಿಯಿದ್ದೂ ನಡುಕವಿದ್ದರೆ ದಹನದ ಸಮತೆಯನ್ನು ಪರೀಕ್ಷಿಸಬೇಕು. ಒಂದು ಸಿಲಿಂಡರು ದುರ್ಬಲವಾದರೆ ಪ್ರತಿ ಎರಡು ಸುತ್ತಿಗೊಮ್ಮೆ ಎಂಜಿನ್ನು ಕುಗ್ಗುತ್ತದೆ. ೮೦೦ ಸುತ್ತುಗಳ ವೇಗದಲ್ಲಿ ಇದು ಸೆಕೆಂಡಿಗೆ ಏಳರಷ್ಟು ನಿಧಾನವಾದ ಕುಲುಕು. ಇಡೀ ಎಂಜಿನ್ನೇ ಅಲುಗುತ್ತದೆ. ಹಳೆಯ ಯಾಂತ್ರಿಕ ಪಂಪುಗಳ ಕಾಲದಲ್ಲಿ ಒಂದೊಂದೇ ಇಂಜೆಕ್ಟರಿನ ಕೊಳವೆಯ ನಟ್ಟನ್ನು ಸಡಿಲಿಸಿ ದುರ್ಬಲ ಸಿಲಿಂಡರನ್ನು ಗುರುತಿಸುತ್ತಿದ್ದರು. ೧೯೯೭ರಿಂದ ಕಾರುಗಳಿಗೆ ಬಂದ ಕಾಮನ್ ರೇಲ್ ಎಂಜಿನ್ನಿನಲ್ಲಿ ಹಾಗೆ ಮಾಡುವುದು ಪ್ರಾಣಾಪಾಯಕರ. ಅಲ್ಲಿ ಇಂಧನದ ಒತ್ತಡ ಸಾವಿರ ವಾತಾವರಣಗಳನ್ನೂ ಮೀರುವುದರಿಂದ ಚಿಮ್ಮಿದ ಡೀಸೆಲ್ ಚರ್ಮವನ್ನೇ ಭೇದಿಸಬಲ್ಲದು. ಅದರ ಪರೀಕ್ಷೆಯನ್ನು ಸ್ಕ್ಯಾನರ್ ಯಂತ್ರದಿಂದಲೇ ಮಾಡಬೇಕು.

ದುರಸ್ತಿ

ಮೂಲವು ತಿಳಿದ ಮೇಲೆ ದುರಸ್ತಿ ಕಠಿಣವಲ್ಲ. ಎಚ್ಚರಿಕೆ ಮಾತ್ರ ಬೇಕು. ಏಕಮುಖ ಪುಲ್ಲಿಯ ಬದಲಿಗೆ ಅಗ್ಗವೆಂದು ಸಾಧಾರಣ ಗಟ್ಟಿ ಪುಲ್ಲಿಯನ್ನು ಕೂರಿಸಿದರೆ ವಾಸಿಯಾಗಬೇಕಾದ ರೋಗವನ್ನು ಶಾಶ್ವತಗೊಳಿಸಿದಂತಾಗುತ್ತದೆ. ಅದನ್ನು ಬಿಚ್ಚಲು ಹಲ್ಲುಗಳುಳ್ಳ ಪ್ರತ್ಯೇಕ ಉಪಕರಣವಿದೆ; ಸುತ್ತಿಗೆಯ ಪೆಟ್ಟಿನಿಂದ ಬಿಚ್ಚಲು ಹೋದರೆ ಆಲ್ಟರ್ನೇಟರಿನ ಬೇರಿಂಗು ಹಾಳಾಗುತ್ತದೆ.

ಕ್ರ್ಯಾಂಕ್ ಪುಲ್ಲಿಯ ಬೋಲ್ಟು ಹಲವು ಎಂಜಿನ್ನುಗಳಲ್ಲಿ ಒಂದೇ ಸಲ ಬಳಸತಕ್ಕದ್ದು. ಹೊಸದನ್ನು ಹಾಕಿ, ತಯಾರಕರು ಹೇಳಿದ ಬಲಕ್ಕೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿದು, ಸೂಚಿಸಿದಷ್ಟು ಕೋನ ತಿರುಗಿಸಬೇಕು. ಕೆಲವು ಎಂಜಿನ್ನುಗಳಲ್ಲಿ ಟೈಮಿಂಗ್ ಗೇರು ಈ ಬೋಲ್ಟಿನ ಹಿಡಿತದಿಂದಲೇ ನಿಂತಿರುವುದರಿಂದ ಎಂಜಿನ್ನನ್ನು ಪಿನ್ನಿನಿಂದ ಬಂಧಿಸದೆ ಬೋಲ್ಟನ್ನು ಸಡಿಲಿಸಬಾರದು.

ಬೆಲ್ಟಿನ ಏಣುಗಳ ಸಂಖ್ಯೆ ಮತ್ತು ಉದ್ದ ತಯಾರಕರು ಹೇಳಿದಂತೆಯೇ ಇರಬೇಕು. ಸೋಪು, ಮೇಣ ಅಥವಾ ಡಬ್ಬಿಯ ದ್ರವಗಳನ್ನು ಬೆಲ್ಟಿಗೆ ಹಚ್ಚುವುದು ಸದ್ದನ್ನು ಮುಚ್ಚುವ ಉಪಾಯವೇ ಹೊರತು ದುರಸ್ತಿಯಲ್ಲ. ಬೆಲ್ಟು ಕೂರಿಸಿದ ಮೇಲೆ ಎಂಜಿನ್ನನ್ನು ಸ್ಪ್ಯಾನರಿನಿಂದ ಕೈಯಾರೆ ಎರಡು ಸುತ್ತು ತಿರುಗಿಸಿ, ಪ್ರತಿಯೊಂದು ಏಣೂ ತನ್ನ ಗಾಡಿಯಲ್ಲಿಯೇ ಕುಳಿತಿದೆಯೆಂದು ನೋಡಿಕೊಂಡು ಅನಂತರ ಚಾಲೂ ಮಾಡಬೇಕು. ಕೊನೆಯಲ್ಲಿ ಹೊಸ ಕ್ರ್ಯಾಂಕ್ ಪುಲ್ಲಿಯ ಮೇಲೂ ಒಂದು ಗೆರೆ ಎಳೆದಿಟ್ಟರೆ ಮುಂದಿನ ಸಲ ಪರೀಕ್ಷಿಸುವವರಿಗೆ ಅದು ದಾಖಲೆಯಾಗುತ್ತದೆ.

ಉಪಸಂಹಾರ

ದೂತನನ್ನು ಕೊಲ್ಲಬಾರದೆಂಬುದು ನಮ್ಮ ರಾಜನೀತಿಯ ಹಳೆಯ ಮಾತು. ನಡುಗುವ ಬೆಲ್ಟು ಅಂತಹ ದೂತ. ಷಾಫ್ಟಿನ ತುದಿಯಲ್ಲಿ ಬೆಸುಗೆ ಬಿಟ್ಟ ರಬ್ಬರಿನ, ಆಲ್ಟರ್ನೇಟರಿನಲ್ಲಿ ಬಿಗಿದುಕೊಂಡ ಪುಲ್ಲಿಯ, ಸವೆದ ತೋಳಿನ ಸುದ್ದಿಯನ್ನು ಅದು ಹೊತ್ತು ತರುತ್ತದೆ. ಸುದ್ದಿಯನ್ನು ಕೇಳದೆ ದೂತನನ್ನು ಬದಲಾಯಿಸಿದರೆ ಹೊಸ ದೂತನೂ ಅದೇ ಸುದ್ದಿಯನ್ನು ತರುತ್ತಾನೆ, ಪ್ರಾಯಶಃ ಘಾಟಿಯ ತಿರುವಿನಲ್ಲಿ.

ಶಾಲೆಯಲ್ಲಿ ಕಲಿಸುವ ತಂತಿಯ ಕಂಪನದ ಸೂತ್ರ, ಜಡತ್ವದ ನಿಯಮ, ಅನುರಣನೆಯ ಪ್ರಯೋಗ ಇವೆಲ್ಲವೂ ಈ ಒಂದು ಬೆಲ್ಟಿನಲ್ಲಿ ಒಟ್ಟಿಗೆ ನೆಲೆಸಿವೆ. ಯಂತ್ರಶಿಕ್ಷಣವನ್ನು ಅರಸಿ ಹೋಗುವ ವಿದ್ಯಾರ್ಥಿಗೆ ಕ್ರಮವಾಗಿ ನೋಡುವುದನ್ನು, ಒಂದೊಂದಾಗಿ ಪರೀಕ್ಷಿಸುವುದನ್ನು, ಕಂಡುದನ್ನು ಬರೆದಿಡುವುದನ್ನು ಇಲ್ಲಿಯೇ ರೂಢಿಸಿದರೆ, ಅವನ ಕೈಗೆ ಬರುವ ಯಂತ್ರಕ್ಕೂ ಅದರಲ್ಲಿ ಕುಳಿತು ಸಾಗುವವರಿಗೂ ಕ್ಷೇಮ. ಆ ಪಾಠಕ್ಕೆ ಬೇಕಾದ ಮೊದಲ ಉಪಕರಣ ಪ್ರತಿಯೊಂದು ತರಗತಿಯಲ್ಲಿಯೂ ಇದೆ: ಒಂದು ಚೂರು ಸೀಮೆಸುಣ್ಣ.